ಸಾಮಾನು ಸಮೇತ ಬೆಂಗಳೂರಿನ ಫ್ಲ್ಯಾಟ್ ಬಾಡಿಗೆಗೆ ಕೊಡುವ ಮುಂಚೆ

ಪ್ರಶ್ನೆ: ನಾವು ಸೋಮವಾರಪೇಟೆ ಕಡೆಯವರು. ಏಳು ಎಕರೆ ಕಾಫಿ ತೋಟ ಇದೆ. ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ನನ್ನ ಹೆಸರಿನಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್ ತೆಗೆದುಕೊಂಡೆವು. ಅವಳೀಗ ಮದುವೆಯಾಗಿ ಪುಣೆಯಲ್ಲಿದ್ದಾಳೆ. ಮನೆಯಲ್ಲಿ ಸೋಫಾ, ಫ್ರಿಜ್, ವಾಷಿಂಗ್ ಮಷೀನ್, ಟಿವಿ ಎಲ್ಲ ಇದೆ. ನಮ್ಮ ಅತ್ತೆಯ ಬೀಟೆ ಮಂಚವೂ ಅಲ್ಲೇ ಇದೆ. ಬ್ರೋಕರ್ ತಿಂಗಳಿಗೆ 30,000 ಬರುತ್ತದೆ ಅನ್ನುತ್ತಾರೆ. ದಿನದ ಬಾಡಿಗೆಗೆ ಬಿಟ್ಟರೆ ಇನ್ನೂ ಜಾಸ್ತಿಯಂತೆ. ಮತ್ತೊಬ್ಬರು 15 ಲಕ್ಷ ಒಟ್ಟಿಗೆ ಕೊಟ್ಟು ಲೀಸ್‌ಗೆ ಕೇಳುತ್ತಿದ್ದಾರೆ. ಬಾಡಿಗೆಯವರು ಮನೆ ಬಿಡದೇ ಕೂತರೆ ಏನು ಗತಿ ಅಂತ ನಮ್ಮ ಯಜಮಾನರಿಗೆ ಭಯ. ಏನು ಮಾಡಬೇಕು?

ಉತ್ತರ: ನೋಡಿ ಅಕ್ಕ, ಮೊದಲು ಆ ಬೀಟೆ ಮಂಚವನ್ನು ಊರಿಗೆ ತಂದುಬಿಡಿ. ಉಳಿದದ್ದೆಲ್ಲ ಆಮೇಲೆ.

ಸಾಮಾನು ಸಮೇತ ಮನೆ ಕೊಡುತ್ತೇವೆ ಅಂದರೆ, ಆ ಸಾಮಾನು ಸವೆಯುತ್ತದೆ ಎಂದು ಒಪ್ಪಿಕೊಂಡ ಹಾಗೆ. ಹಾಳಾದರೆ ಅಂಗಡಿಗೆ ಹೋಗಿ ಇನ್ನೊಂದು ತರಬಹುದಾದ ವಸ್ತು ಮಾತ್ರ ಅಲ್ಲಿರಲಿ. ಅತ್ತೆಯ ಮಂಚ, ಮಗಳ ಪುಸ್ತಕ, ಮದುವೆಯ ಫೋಟೋ, ಹಿತ್ತಾಳೆ ದೀಪ ಇವುಗಳಿಗೆ ಯಾವ ಅಡ್ವಾನ್ಸೂ ಸಾಲುವುದಿಲ್ಲ. ಒಂದು ರೂಮಿಗೆ ತುಂಬಿ ಬೀಗ ಹಾಕುತ್ತೇವೆ ಅಂತಲೂ ಯೋಚಿಸಬೇಡಿ. ಪೂರ್ತಿ ಬಾಡಿಗೆ ಕೊಡುವವರಿಗೆ ಮುಚ್ಚಿದ ರೂಮು ಯಾವತ್ತೂ ಕಣ್ಣು ಚುಚ್ಚುತ್ತಿರುತ್ತದೆ.

ನಾನು ಮಡಿಕೇರಿಯಲ್ಲಿ ವಕೀಲಿ ಮಾಡುವವನು. ಬಾಡಿಗೆ ಕರಾರುಗಳನ್ನು ಬೇಕಾದಷ್ಟು ಬರೆದಿದ್ದೇನೆ. ಆದರೂ ನನ್ನದೇ ಫ್ಲ್ಯಾಟನ್ನು ಮೊದಲ ಸಲ ಬೆಂಗಳೂರಿನಲ್ಲಿ ಬಾಡಿಗೆಗೆ ಕೊಟ್ಟಾಗ ಒಂದು ತಪ್ಪು ಮಾಡಿದೆ. ಕರಾರಿನಲ್ಲಿ "ಪೀಠೋಪಕರಣ ಸಹಿತ" ಎಂದು ಎರಡು ಪದ ಬರೆದು ಸುಮ್ನೆ ಬಿಟ್ಟೆ. ಎರಡು ವರ್ಷದ ನಂತರ ಅವರು ಖಾಲಿ ಮಾಡಿದಾಗ ಫ್ರಿಜ್ ಒಳಗೆಲ್ಲ ಬೂಸ್ಟು ಹಿಡಿದಿತ್ತು, ಒಂದು ಹಾಸಿಗೆ ಇರಲೇ ಇಲ್ಲ, ಸೋಫಾದ ಕಾಲು ಮುರಿದಿತ್ತು. "ನಾವು ಬರುವಾಗಲೇ ಹಾಗಿತ್ತು" ಅಂದರು. ಅವರು ಹೇಳಿದ್ದು ಸುಳ್ಳೋ ನಿಜವೋ ನನಗೆ ಇವತ್ತಿಗೂ ಗೊತ್ತಿಲ್ಲ. ಯಾಕೆಂದರೆ ನಾನೇ ನೋಡಿ ಬರೆದಿಟ್ಟಿರಲಿಲ್ಲ.

ಹಾಗಾಗಿ ಬಾಡಿಗೆ ಎಷ್ಟು ಅನ್ನುವುದಕ್ಕಿಂತ ಮೊದಲು ನೀವು ಕೂರಬೇಕಾದದ್ದು ಸಾಮಾನಿನ ಪಟ್ಟಿ ಬರೆಯುವುದಕ್ಕೆ. ನಿಮ್ಮ ತೋಟದಲ್ಲಿ ರೈಟರ್ (ಗುಮಾಸ್ತರು) ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ ಬರೆಯುತ್ತಾರಲ್ಲ, ಅಷ್ಟೇ ಕಟ್ಟುನಿಟ್ಟಾಗಿ ಬರೆಯಿರಿ. ಒಂದೊಂದು ಕೋಣೆಗೆ ಒಂದೊಂದು ಹಾಳೆ. "ಫ್ರಿಜ್ 1" ಎಂದರೆ ಸಾಲದು. ಯಾವ ಕಂಪನಿ, ಎಷ್ಟು ಲೀಟರ್, ಸೀರಿಯಲ್ ನಂಬರ್ ಏನು, ಯಾವ ವರ್ಷ ತಂದದ್ದು, ಈಗ ಹೇಗಿದೆ ಎಲ್ಲ ಬರಬೇಕು. ಬಾಗಿಲಿನ ಮೇಲೆ ಗೀರು ಇದ್ದರೆ ಅದನ್ನೂ ಬರೆಯಿರಿ. ನಿಮ್ಮ ವಸ್ತುವಿನ ಕೊರತೆಯನ್ನು ನೀವೇ ಬರೆದಾಗ ಎದುರಿನವರಿಗೂ ನಿಮ್ಮ ಪಟ್ಟಿಯ ಮೇಲೆ ನಂಬಿಕೆ ಬರುತ್ತದೆ. ಕೊನೆಯ ಸಾಲಿನಲ್ಲಿ ಆ ವಸ್ತುವಿಗೆ ಇವತ್ತಿನ ಬೆಲೆ ಹಾಕಿ. ಐದು ವರ್ಷ ಹಳೆಯ ವಾಷಿಂಗ್ ಮಷೀನಿಗೆ ಹೊಸದರ ಬೆಲೆ ಹಾಕಬೇಡಿ. ಇಬ್ಬರೂ ಒಪ್ಪಿದ ಬೆಲೆ ಮೊದಲೇ ಕಾಗದದ ಮೇಲಿದ್ದರೆ ಕೊನೆಯ ದಿನ ಚೌಕಾಸಿಯ ಜಗಳ ಇರುವುದಿಲ್ಲ.

ಕೀ ಕೊಡುವ ದಿನ ಬಾಡಿಗೆಯವರನ್ನು ಜೊತೆಗಿಟ್ಟುಕೊಂಡೇ ಫೋನಿನಲ್ಲಿ ಒಂದು ವಿಡಿಯೋ ಮಾಡಿ. ಪ್ರತಿಯೊಂದು ನಲ್ಲಿ ತಿರುಗಿಸಿ, ಗೀಸರ್, ಫ್ಯಾನ್ ಹಾಕಿ ತೋರಿಸಿ. ಕರೆಂಟ್ ಮೀಟರಿನ ರೀಡಿಂಗ್ ಫೋಟೋ ತೆಗೆಯಿರಿ. ವಿಡಿಯೋವನ್ನು ಅಲ್ಲಿಯೇ ಅವರಿಗೆ ವಾಟ್ಸಾಪ್ ಮಾಡಿ, "ಸರಿ ಇದೆ" ಎಂದು ಅವರಿಂದ ಉತ್ತರ ಬರೆಸಿಕೊಳ್ಳಿ. ಪಟ್ಟಿಯ ಪ್ರತಿ ಪುಟಕ್ಕೂ ಇಬ್ಬರ ಸಹಿ ಇರಲಿ. ಅದು ಕರಾರಿನ ಭಾಗ ಎಂದು ಕರಾರಿನಲ್ಲೇ ಒಂದು ಸಾಲು ಇರಲಿ. ಅವರು ಖಾಲಿ ಮಾಡುವಾಗ ಇದೇ ಪಟ್ಟಿ ಹಿಡಿದು ನೋಡಬೇಕು. ಅದೂ ಅವರ ಲಾರಿ ಬರುವ ಮೊದಲು, ಹಗಲಿನಲ್ಲಿ.

ರಿಪೇರಿ ಯಾರದ್ದು ಅನ್ನುವುದನ್ನೂ ಬರೆಯಿರಿ. ನಾನು ಸಾಮಾನ್ಯವಾಗಿ ಬರೆಯುವುದು ಹೀಗೆ: ಹಳೆಯದಾಗಿ ತಾನಾಗಿಯೇ ಕೆಟ್ಟರೆ ಮಾಲೀಕರದ್ದು, ಬಳಕೆಯ ತಪ್ಪಿನಿಂದ ಕೆಟ್ಟರೆ ಬಾಡಿಗೆಯವರದ್ದು, ಸಣ್ಣಪುಟ್ಟ ಸರ್ವಿಸ್ ಮತ್ತು ನೀರಿನ ಫಿಲ್ಟರ್ ಬದಲಿಸುವುದು ಬಾಡಿಗೆಯವರದ್ದು. ಸಹಜವಾಗಿ ಸವೆದದ್ದಕ್ಕೆ ಬಾಡಿಗೆದಾರರು ಹೊಣೆಯಲ್ಲ ಎಂಬುದು 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲೇ ಇದೆ. ಸೋಫಾದ ಬಟ್ಟೆ ಬಣ್ಣ ಮಾಸಿದ್ದಕ್ಕೆ ದುಡ್ಡು ಕೇಳಬೇಡಿ. ಕೇಳಿದರೆ ಅದು ನ್ಯಾಯವೂ ಅಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಸ್ವಂತ ಅಭಿಪ್ರಾಯವನ್ನೂ ಹೇಳಬೇಕು. ಸೋಮವಾರಪೇಟೆಯಲ್ಲಿ ಇರುವ ನಿಮಗೆ ಪೂರ್ತಿ ಸಾಮಾನಿನ ಮನೆಗಿಂತ ಅರ್ಧ ಸಾಮಾನಿನ ಮನೆ ಒಳ್ಳೆಯದು. ವಾರ್ಡ್‌ರೋಬ್, ಅಡುಗೆಮನೆಯ ಕಪಾಟು, ಗೀಸರ್, ಫ್ಯಾನ್, ಲೈಟ್, ಪರದೆ ಕಂಬಿ ಇರಲಿ. ಟಿವಿ, ಸೋಫಾ, ಹಾಸಿಗೆ ಮಾರಿಬಿಡಿ, ಇಲ್ಲವೇ ತಂದುಬಿಡಿ. ಬಾಡಿಗೆ ಸ್ವಲ್ಪ ಇಳಿಯುತ್ತದೆ, ನಿಜ. ಆದರೆ ತಮ್ಮದೇ ಸಾಮಾನು ತಂದು ಜೋಡಿಸಿದ ಸಂಸಾರ ಬೇಗ ಮನೆ ಬದಲಿಸುವುದಿಲ್ಲ. ಒಂದು ಸೂಟ್‌ಕೇಸ್ ಹಿಡಿದು ಬಂದವರು ಒಂದು ಸೂಟ್‌ಕೇಸ್ ಹಿಡಿದು ಹೊರಡುತ್ತಾರೆ. ಮನೆ ಖಾಲಿ ಬಿದ್ದ ಪ್ರತಿ ತಿಂಗಳು 30,000 ನಷ್ಟ. ಮೇಲಿಂದ ಬ್ರೋಕರಿಗೆ ಮತ್ತೆ ಕಮಿಷನ್. ಟಿವಿ ಇಟ್ಟು ಬರುವ ಹೆಚ್ಚಿನ ಬಾಡಿಗೆ ಇದರಲ್ಲೇ ಹೋಗುತ್ತದೆ.

ದಿನದ ಬಾಡಿಗೆಯ ಮಾತು ಬಿಟ್ಟುಬಿಡಿ. ನಮ್ಮ ಕೊಡಗಿನಲ್ಲಿ ಹೋಮ್‌ಸ್ಟೇ ನಡೆಯುತ್ತದೆ ಅಂದರೆ ಮನೆಯವರು ಅಲ್ಲೇ ಇರುತ್ತಾರೆ. ಬಂದವರಿಗೆ ಕಾಫಿ ಕೊಡುತ್ತಾರೆ, ಹೋದ ಮೇಲೆ ಹಾಸಿಗೆ ಬಟ್ಟೆ ತಾವೇ ಬದಲಿಸುತ್ತಾರೆ. ಖಾಲಿ ಫ್ಲ್ಯಾಟನ್ನು ಆರು ಗಂಟೆ ದೂರದಿಂದ ಹಾಗೆ ನಡೆಸಲು ಆಗುವುದಿಲ್ಲ. ಎಷ್ಟೋ ಅಪಾರ್ಟ್‌ಮೆಂಟ್ ಸಂಘಗಳು ದಿನದ ಬಾಡಿಗೆಯನ್ನು ಒಪ್ಪುವುದೂ ಇಲ್ಲ. ಅಕ್ಕಪಕ್ಕದವರಿಗೂ ತೊಂದರೆ.

ಲೀಸ್ ವಿಷಯದಲ್ಲಿ ಮಾತ್ರ ಬಹಳ ಎಚ್ಚರ ಇರಲಿ. ಬೆಂಗಳೂರಿನಲ್ಲಿ ಲೀಸ್ ಅಂದರೆ ಒಂದು ದೊಡ್ಡ ಮೊತ್ತ ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ಎರಡು ಮೂರು ವರ್ಷ ಇರುವುದು. ಹೋಗುವಾಗ ಆ ಮೊತ್ತ ಪೂರ್ತಿ ವಾಪಸ್ ಕೊಡಬೇಕು. ಹಳೆಯವರು ಭೋಗ್ಯ ಅನ್ನುತ್ತಿದ್ದರು. 15 ಲಕ್ಷ ಕೈಗೆ ಬಂದಾಗ ಆದಾಯ ಬಂದ ಹಾಗೆ ಅನ್ನಿಸುತ್ತದೆ, ಆದರೆ ಅದು ಸಾಲ. ತೋಟಕ್ಕೆ ಗೊಬ್ಬರ, ಮೋಟಾರು, ಬೋರ್‌ವೆಲ್ ಎಂದು ಖರ್ಚಾದರೆ ಮೂರು ವರ್ಷದ ನಂತರ ಎಲ್ಲಿಂದ ತರುತ್ತೀರಿ? ಆ ವರ್ಷ ಕಾಫಿ ಬೆಲೆ ಹೇಗಿರುತ್ತದೆ ಅಂತ ಯಾರಿಗೆ ಗೊತ್ತು? ಭೋಗ್ಯ ಪತ್ರ ನೋಂದಣಿ ಆಗಲೇಬೇಕು. ನೋಟರಿ ಸಹಿ ಸಾಕು ಅನ್ನುವವರ ಮಾತು ಕೇಳಬೇಡಿ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನಿಮ್ಮಿಂದ ತಿಂಗಳ ಬಾಡಿಗೆಗೆ ಮನೆ ತೆಗೆದುಕೊಂಡು, ಒಳಗೆ ಬರುವ ಸಂಸಾರದ ಹತ್ತಿರ ಲೀಸ್ ಅಂತ ಹತ್ತಾರು ಲಕ್ಷ ವಸೂಲಿ ಮಾಡಿ, ಕೆಲವು ತಿಂಗಳು ನಿಮಗೆ ಬಾಡಿಗೆ ಹಾಕಿ, ಆಮೇಲೆ ಮಾಯವಾಗುವ ಮಧ್ಯವರ್ತಿಗಳು ಇದ್ದಾರೆ. ಆಗ ನಿಮಗೆ ಬಾಡಿಗೆ ಇಲ್ಲ, ಒಳಗಿರುವವರಿಗೆ ಕಷ್ಟಪಟ್ಟು ಕೂಡಿಟ್ಟ ದುಡ್ಡಿಲ್ಲ. ಹಾಗಾಗಿ ಮನೆಯಲ್ಲಿ ಯಾರು ವಾಸ ಮಾಡುತ್ತಾರೋ ಅವರ ಜೊತೆಗೇ ನೇರವಾಗಿ ಕರಾರು ಮಾಡಿ. ಒಳಬಾಡಿಗೆಗೆ ಕೊಡಬಾರದು ಎಂದು ಬರೆಯಿರಿ. ವಾಸ ಮಾಡುವ ಎಲ್ಲರ ಹೆಸರೂ ಕರಾರಿನಲ್ಲಿ ಇರಲಿ.

ಈಗ ಯಜಮಾನರ ಭಯಕ್ಕೆ ಬರುತ್ತೇನೆ. ಹನ್ನೆರಡು ವರ್ಷ ಇದ್ದರೆ ಮನೆ ಅವರದ್ದೇ ಆಗುತ್ತದೆ ಎಂಬ ಮಾತನ್ನು ಅವರೂ ಎಲ್ಲೋ ಕೇಳಿರಬೇಕು. ನಿಮ್ಮ ಒಪ್ಪಿಗೆಯಿಂದ, ಬಾಡಿಗೆ ಕೊಟ್ಟುಕೊಂಡು ಇರುವವರಿಗೆ ಹಾಗೆ ಹಕ್ಕು ಹುಟ್ಟುವುದಿಲ್ಲ. ಕರಾರು ಮತ್ತು ಬ್ಯಾಂಕಿಗೆ ಬಂದ ಬಾಡಿಗೆ, ಎರಡೂ ಸೇರಿ ನಿಮ್ಮ ಮಾಲೀಕತ್ವಕ್ಕೆ ಸಾಕ್ಷಿ. ಅದಕ್ಕೇ ಬಾಡಿಗೆಯನ್ನು ಕೈಯಲ್ಲಿ ತೆಗೆದುಕೊಳ್ಳಬೇಡಿ, ಖಾತೆಗೇ ಹಾಕಿಸಿ.

1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ ಅನ್ವಯವಾಗುವುದಿಲ್ಲ. ಹಾಗಾಗಿ ನಿಮ್ಮ ಮನೆಗೆ ಲೆಕ್ಕಕ್ಕೆ ಬರುವುದು ನಿಮ್ಮ ಕರಾರು ಮತ್ತು ಆಗ ಹೇಳಿದ 1882ರ ಕಾಯ್ದೆ. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ. ಎಲ್ಲರೂ 11 ತಿಂಗಳು ಬರೆಯುವುದು ಅದಕ್ಕೇ. ಅವಧಿ ಮುಗಿದ ಮೇಲೂ ನೀವು ಬಾಡಿಗೆ ತೆಗೆದುಕೊಳ್ಳುತ್ತಾ ಹೋದರೆ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ ಆಗುತ್ತದೆ. ಆಗ ಬಿಡಿಸಬೇಕಾದರೆ ಕಾನೂನು ಪ್ರಕಾರ 15 ದಿನದ ನೋಟಿಸ್ ಬೇಕು. ಕರಾರಿನಲ್ಲಿ ಬೇರೆ ಅವಧಿ ಬರೆದುಕೊಳ್ಳಬಹುದು. ನಾನು ಇಬ್ಬರಿಗೂ ಎರಡು ತಿಂಗಳು ಬರೆಯುತ್ತೇನೆ. ಆದರೂ ಬಿಡದಿದ್ದರೆ ಸಿವಿಲ್ ಕೋರ್ಟ್ ಒಂದೇ ದಾರಿ. ಕರೆಂಟ್ ತೆಗೆಯುವುದು, ನೀರು ನಿಲ್ಲಿಸುವುದು, ಬೀಗ ಬದಲಿಸುವುದು ಮಾಡಬೇಡಿ. ಅಲ್ಲಿಗೆ ನ್ಯಾಯ ಅವರ ಕಡೆ ವಾಲುತ್ತದೆ.

ಅಡ್ವಾನ್ಸ್ ಬೆಂಗಳೂರಿನಲ್ಲಿ ಹಿಂದಿನಿಂದ ಹತ್ತು ತಿಂಗಳ ಬಾಡಿಗೆ ಎಂದು ರೂಢಿ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳು ಸಾಕು ಅನ್ನುತ್ತದೆ. ಅದು ಮಾದರಿ ಮಾತ್ರ, ರಾಜ್ಯ ಒಪ್ಪಿ ಕಾನೂನು ಮಾಡಿದರೆ ಮಾತ್ರ ಜಾರಿಗೆ ಬರುತ್ತದೆ. ಸಾಮಾನು ಇರುವ ಮನೆಗೆ ನಾಲ್ಕೈದು ತಿಂಗಳು ಸರಿ ಎಂದು ನನ್ನ ಲೆಕ್ಕ. ಒಳ್ಳೆಯ ಕೆಲಸದಲ್ಲಿರುವ ಹೊಸ ಸಂಸಾರಕ್ಕೂ ಮೂರು ಲಕ್ಷ ಹೊಂದಿಸುವುದು ಕಷ್ಟ ಅಲ್ವಾ? ಬಂದ ಹಣವನ್ನು ಬೇರೆಯೇ ಎಫ್‌ಡಿ ಮಾಡಿ ಇಡಿ, ಕೀ ವಾಪಸ್ ಕೊಟ್ಟ ದಿನ ಲೆಕ್ಕ ಮಾಡಿ ಕೊಟ್ಟುಬಿಡಿ. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿಯುವ ರೂಢಿ ಇದೆ. ಹಿಡಿಯುವುದಾದರೆ ಮೊದಲೇ ಬರೆಯಿರಿ.

ತೆರಿಗೆ ವಿಷಯದಲ್ಲಿ ಸಾಮಾನಿನ ಮನೆಗೆ ಒಂದು ವಿಶೇಷ ಇದೆ. ಇದನ್ನು ಬ್ರೋಕರ್ ಹೇಳುವುದಿಲ್ಲ. ಬರೀ ಮನೆಯ ಬಾಡಿಗೆ ಆದರೆ ಅದು ಮನೆ ಆಸ್ತಿಯ ಆದಾಯ. ನೀವು ಕಟ್ಟಿದ ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲಿ ನೂರಕ್ಕೆ 30 ಭಾಗ ಯಾವ ರಸೀದಿಯೂ ಇಲ್ಲದೆ ಕಳೆಯಬಹುದು. ಆದರೆ ಮನೆ, ಸಾಮಾನು ಎರಡೂ ಬೇರೆ ಮಾಡಲಾಗದ ಹಾಗೆ ಒಂದೇ ಕರಾರು ಆದರೆ, ಇಡೀ ಮೊತ್ತ ಇತರ ಮೂಲದ ಆದಾಯ ಎಂದು ಆಗಬಹುದು. ಆಗ ಆ 30 ಭಾಗದ ರಿಯಾಯಿತಿ ಸಿಗುವುದಿಲ್ಲ. ಎರಡನ್ನೂ ಒಟ್ಟಿಗೇ ಅನುಭವಿಸಬೇಕು ಎಂಬುದೇ ಇಬ್ಬರ ಉದ್ದೇಶವಾಗಿತ್ತೇ ಎಂದು ನೋಡಬೇಕು ಅಂತ ಸುಪ್ರೀಂ ಕೋರ್ಟ್ 1964ರಲ್ಲೇ ಸುಲ್ತಾನ್ ಬ್ರದರ್ಸ್ ಪ್ರಕರಣದಲ್ಲಿ ಹೇಳಿದೆ.

ಹಾಗಾಗಿ ಮನೆಯ ಬಾಡಿಗೆ 25,000, ಸಾಮಾನಿನ ಬಾಡಿಗೆ 5,000 ಎಂದು ಬೇರೆ ಬೇರೆ ಬರೆಯಿರಿ. ಸಾಮಾನು ಬೇಡ ಅಂದರೆ ವಾಪಸ್ ಪಡೆಯಬಹುದು ಎಂದೂ ಬರೆಯಿರಿ. ವರ್ಷಕ್ಕೆ ಮನೆಯ ಬಾಡಿಗೆ 3 ಲಕ್ಷ. ಆಸ್ತಿ ತೆರಿಗೆ 10,000 ಎಂದುಕೊಂಡರೆ ಉಳಿಯುವುದು 2,90,000. ಅದರಲ್ಲಿ 30 ಭಾಗ, ಅಂದರೆ 87,000 ಕಳೆದರೆ ಲೆಕ್ಕಕ್ಕೆ ಬರುವುದು 2,03,000. ಸಾಮಾನಿನ 60,000 ಬೇರೆ. ಅದರಲ್ಲಿ ರಿಪೇರಿ ಖರ್ಚು ಮತ್ತು ಸವಕಳಿ (ವರ್ಷದಿಂದ ವರ್ಷಕ್ಕೆ ಇಳಿಯುವ ಬೆಲೆ) ಕಳೆಯಬಹುದು, ಪೀಠೋಪಕರಣಕ್ಕೆ ಸವಕಳಿ 10 ಭಾಗ. ಭಾಗ ಮಾಡುವಾಗ ನಿಜವಾದ ಬೆಲೆ ಹಾಕಿ. ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್ ಹಣವನ್ನು ಬಾಡಿಗೆಯಲ್ಲಿ ಸೇರಿಸಬೇಡಿ, ಅವರೇ ನೇರವಾಗಿ ಸಂಘಕ್ಕೆ ಕಟ್ಟಲಿ.

ತೋಟದವರಿಗೆ ಇನ್ನೊಂದು ಮಾತು. ಕಾಫಿ ಹಣ್ಣೋ ಒಣಗಿಸಿದ ಚೆರಿಯೋ ಮಾರಿದರೆ ಅದು ಪೂರ್ತಿ ಕೃಷಿ ಆದಾಯ, ಕೇಂದ್ರದ ಆದಾಯ ತೆರಿಗೆ ಇಲ್ಲ. ಬೆಳೆದವರೇ ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ವಿಂಗಡಿಸುವುದು) ಮಾಡಿಸಿ ಮಾರಿದರೆ ಲಾಭದ 25 ಭಾಗಕ್ಕೆ ತೆರಿಗೆ ಇದೆ. ಆದರೆ ಬಾಡಿಗೆ, ಬ್ಯಾಂಕ್ ಬಡ್ಡಿ, ಪಿಂಚಣಿ ಎಲ್ಲ ಸೇರಿ ವಿನಾಯಿತಿ ಮಿತಿ ದಾಟಿದರೆ, ಮತ್ತು ಕೃಷಿ ಆದಾಯ 5,000 ಮೀರಿದ್ದರೆ, ತೆರಿಗೆಯ ದರ ಗೊತ್ತುಮಾಡಲು ಕೃಷಿ ಆದಾಯವನ್ನೂ ಸೇರಿಸಿ ನೋಡುತ್ತಾರೆ. ಕಾಫಿಗೆ ತೆರಿಗೆ ಇಲ್ಲ ಎಂದು ಅದನ್ನು ರಿಟರ್ನಿನಲ್ಲಿ ತೋರಿಸದೆ ಇರಬೇಡಿ. ಫ್ಲ್ಯಾಟ್ ನಿಮ್ಮ ಹೆಸರಿನಲ್ಲಿದ್ದರೂ ಹಣ ಯಜಮಾನರದ್ದಾಗಿದ್ದರೆ ಬಾಡಿಗೆಯ ಆದಾಯ ಅವರ ಲೆಕ್ಕಕ್ಕೆ ಹೋಗಬಹುದು. ಆಡಿಟರ್ ಹತ್ತಿರ ಹೋಗುವಾಗ ಇದನ್ನು ಮೊದಲೇ ಹೇಳಿ. ವರ್ಷದ ಬಾಡಿಗೆ ಒಂದು ಲಕ್ಷ ಮೀರುವುದರಿಂದ ಬಾಡಿಗೆಯವರು ಆಫೀಸಿಗೆ ಕೊಡಲು ನಿಮ್ಮ ಪ್ಯಾನ್ ಕೇಳುತ್ತಾರೆ. ಕೊಡಿ, ಅದು ಅವರ ಹಕ್ಕು.

ಪಾಲಿಕೆಯ ಆಸ್ತಿ ತೆರಿಗೆಯಲ್ಲಿ ಸ್ವಂತ ವಾಸದ ಮನೆಗಿಂತ ಬಾಡಿಗೆ ಮನೆಗೆ ದರ ಜಾಸ್ತಿ. ಬಾಡಿಗೆಗೆ ಕೊಟ್ಟ ವರ್ಷವೇ ಬದಲಿಸಿ ಕಟ್ಟಿ. ಗೃಹಜ್ಯೋತಿಗೆ ಮಗಳ ಆಧಾರ್ ಜೋಡಿಸಿದ್ದರೆ ಮೊದಲು ಬಿಡಿಸಿ. ಬಾಡಿಗೆಯವರಿಗೂ ತಿಂಗಳಿಗೆ 200 ಯೂನಿಟ್‌ವರೆಗಿನ ಆ ಸೌಲಭ್ಯ ಸಿಗುತ್ತದೆ, ಆದರೆ ಹಳಬರ ಆಧಾರ್ ಅಂಟಿಕೊಂಡಿದ್ದರೆ ಹೊಸಬರಿಗೆ ತೊಂದರೆ. ಖಾಲಿ ಮಾಡುವಾಗ ಇದನ್ನೂ ಪಟ್ಟಿಯಲ್ಲಿ ನೋಡಿ. ಬಾಡಿಗೆಯವರ ವಿವರವನ್ನು ಅಲ್ಲಿನ ಪೊಲೀಸ್ ಠಾಣೆಗೆ ಕೊಡಿ. ವಿದೇಶಿಯರಾದರೆ ಬಂದ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಅವರ ವಿವರ ತುಂಬಬೇಕು. ಹಿಂದೆ ಇದನ್ನು ಸಿ ಫಾರಂ ಅನ್ನುತ್ತಿದ್ದರು.

ನೀರಿನ ಬಗ್ಗೆ ಮುಚ್ಚಿಡದೆ ಹೇಳಿ. ಕಾವೇರಿ ಸಂಪರ್ಕ ಇದೆಯೋ, ಬೋರ್‌ವೆಲ್ಲೋ, ಟ್ಯಾಂಕರೋ, ಬೇಸಿಗೆಯಲ್ಲಿ ಎಷ್ಟು ಖರ್ಚು ಬರುತ್ತದೋ ಮೊದಲೇ ತಿಳಿಸಿ. 2024ರ ಬೇಸಿಗೆಯಲ್ಲಿ ಬೆಂಗಳೂರು ನೀರಿಗೆ ಪಟ್ಟ ಪಾಡು ಅಲ್ಲಿರುವ ಯಾರೂ ಮರೆತಿಲ್ಲ. ತಲಕಾವೇರಿಯ ನೀರು ಅಲ್ಲಿಗೆ ತಲುಪಿ ಅವರ ನಲ್ಲಿಯಲ್ಲಿ ಬಂದರೆ ನನಗಂತೂ ಸಂತೋಷ.

ಯಾರಿಗೆ ಕೊಡಬೇಕು ಎಂದು ನೀವು ಕೇಳಿಲ್ಲ. ಆದರೂ ಹೇಳುತ್ತೇನೆ. ಪಂದಿ ಕರಿ (ಹಂದಿ ಮಾಂಸದ ಸಾರು) ತಿನ್ನುತ್ತಾರೆ ಎಂಬ ಒಂದೇ ಕಾರಣಕ್ಕೆ ನಮ್ಮ ಊರಿನ ಮಕ್ಕಳು ಬೆಂಗಳೂರಿನಲ್ಲಿ ಮನೆ ಸಿಗದೆ ಅಲೆದದ್ದನ್ನು ನಾನು ಕಂಡಿದ್ದೇನೆ. ನಾವು ಮನೆ ಕೊಡುವ ಜಾಗದಲ್ಲಿ ಕೂತಾಗ ಅದನ್ನೇ ಮಾಡಬಾರದು. ಜಾತಿ, ಊಟ, ಮದುವೆ ಆಗಿದೆಯೋ ಇಲ್ಲವೋ ಇದ್ಯಾವುದೂ ಮನೆ ಹೇಗೆ ಇಟ್ಟುಕೊಳ್ಳುತ್ತಾರೆ ಎಂದು ಹೇಳುವುದಿಲ್ಲ. ಹಿಂದಿನ ಮನೆಯ ಮಾಲೀಕರಿಗೆ ಒಂದು ಫೋನ್ ಮಾಡಿ. "ಬಾಡಿಗೆ ತಡ ಆಗುತ್ತಿತ್ತಾ? ಬಿಡುವಾಗ ಮನೆ ಹೇಗಿತ್ತು?" ಈ ಎರಡು ಪ್ರಶ್ನೆ ಸಾಕು.

ಅಲ್ಲಿ ನಿಮ್ಮ ಪರವಾಗಿ ಓಡಾಡಲು ಒಬ್ಬರು ಬೇಕೇ ಬೇಕು. ನೆಂಟರೋ, ಅದೇ ಕಟ್ಟಡದ ಪರಿಚಯದವರೋ ಆಗಬಹುದು. ಅವರೇ ಸಹಿ ಹಾಕಬೇಕಾದರೆ ಬಾಡಿಗೆಗೆ ಕೊಡುವುದು, ಬಾಡಿಗೆಯ ನೋಟಿಸ್ ಕೊಡುವುದು ಇಷ್ಟಕ್ಕೇ ಸೀಮಿತವಾದ ಅಧಿಕಾರ ಪತ್ರ ಮಾಡಿಸಿ. ಮಾರುವ, ಅಡ ಇಡುವ ಅಧಿಕಾರ ಇರುವ ಜಿಪಿಎಯನ್ನು (ಸಾಮಾನ್ಯ ಅಧಿಕಾರ ಪತ್ರ), ಎಷ್ಟೇ ಹತ್ತಿರದವರಾದರೂ, ಇದಕ್ಕಾಗಿ ಕೊಡಬೇಡಿ.

ಇನ್ನು ಕರಾರು ಶುರು ಮಾಡುವ ತಾರೀಕು. ಜೂನ್ 1ಕ್ಕೆ ಶುರು ಮಾಡಿ. ಶಾಲೆ ಶುರುವಾಗುವ ಹೊತ್ತಿಗೆ ಬೆಂಗಳೂರಿನಲ್ಲಿ ಸಂಸಾರಗಳು ಮನೆ ಹುಡುಕುತ್ತಿರುತ್ತವೆ, ನಮ್ಮಲ್ಲಿ ಮಳೆ ಇನ್ನೂ ಜೋರಾಗಿರುವುದಿಲ್ಲ. 11 ತಿಂಗಳು ಎಂದರೆ ಏಪ್ರಿಲ್ 30ಕ್ಕೆ ಮುಗಿಯುತ್ತದೆ. ಕೊಯ್ಲು ಮುಗಿದಿರುತ್ತದೆ, ನೀವೇ ಹೋಗಿ ಪಟ್ಟಿ ಹಿಡಿದು ನೋಡಬಹುದು. ಆದರೆ ಪ್ರತಿ ಸಲ ಕರಾರು ಒಂದು ತಿಂಗಳು ಹಿಂದೆ ಸರಿಯುತ್ತದೆ. ಎರಡನೆಯದು ಮಾರ್ಚ್ 31ಕ್ಕೆ, ಮೂರನೆಯದು ಫೆಬ್ರವರಿಗೆ ಮುಗಿಯುತ್ತದೆ. ರೊಬಸ್ಟಾ ಕೊಯ್ಲು, ಹೂಮಳೆಯ (ಕಾಫಿ ಹೂ ಅರಳಿಸುವ ಮಳೆ) ಕಾಯುವಿಕೆ, ಸ್ಪ್ರಿಂಕ್ಲರ್ ಕೆಲಸ ಎಲ್ಲ ಆಗಲೇ. ಹಾಗಾಗಿ ಮೂರನೇ ಸಲ ಏಪ್ರಿಲ್, ಮೇ ಎರಡೇ ತಿಂಗಳಿಗೆ ಒಂದು ಸಣ್ಣ ಕರಾರು ಬರೆದು, ಮತ್ತೆ ಜೂನ್ 1ಕ್ಕೆ ತಂದು ನಿಲ್ಲಿಸಿ.